ಒಂದೇ ಒಲೆಯವರು

"ರಜೆಯಂತೆ ರಜೆ! ಕೇಳೋಕೆ ಬಾಯಾದ್ರೂ ಹೆಂಗೆ ಬಂತೇ, ದರಿದ್ರದೋಳೇ? ನೀನೇನು ಆಫೀಸಿನ ನೌಕರಿಯೋಳಾ?"

ಮನೆಯೊಡತಿ ಅಮ್ಮೋರು ಬೈಯುತ್ತಿದ್ದರೂ ಇರುವೆ ನೆಲ ಒರೆಸುತ್ತಲೇ ಇದ್ದಳು. ಗಿಡ್ಡ ಆಳು, ಒಂದು ಗಳಿಗೆ ನಿಂತವಳಲ್ಲ. ಅದಕ್ಕೇ ಆ ಮನೆಯವರು ಇಟ್ಟ ಹೆಸರು ಅದು. ಮಗಳನ್ನು ತಂಗಿಯ ಮಡಿಲಿಗೆ ಹಾಕಿ ಬಂದಂದಿನಿಂದ ಇಲ್ಲಿ ಅಡುಗೆಮನೆಯ ಹಿಂದೆ ಮಲಗುತ್ತಿದ್ದಳು. ಈಗ ಆ ಮಗಳೇ ಹೆತ್ತಿದ್ದಳು.

"ಬಾಣಂತಿ ಒಬ್ಬಳೇ ಇದಾಳೆ ಅಮ್ಮೋರೇ. ಸಾಕಿದ ನನ್ನ ತಂಗೀನೂ ಈಗಿಲ್ಲ, ನೀರು ಕಾಯಿಸಿ ಕೊಡೋಕೂ ದಿಕ್ಕಿಲ್ಲ. ನಾಕು ದಿನ ಹೋಗಿ ಬಂದುಬಿಡ್ತೀನಿ."

"ಜಗತ್ತಿಗೆಲ್ಲ ನಿನ್ನ ಮಗಳೊಬ್ಬಳೇ ಹೆತ್ತಳೇನೇ? ನಾಯಿ ಬೀದೀಲಿ ಹೆರಲ್ವಾ? ಅದಕ್ಕೆ ಯಾವಳು ನೀರು ಕಾಯಿಸ್ತಾಳೆ?"

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ನಡುವಯಸ್ಸಿನ ಹೆಂಗಸು. ಯಾವ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆಂದು ಕೇಳಿ ಬರೆದುಕೊಳ್ಳಲು ಸರ್ಕಾರದಿಂದ ಬಂದವಳು. ಒದ್ದೆ ನೆಲ ಕಂಡು ಚಪ್ಪಲಿ ಹೊರಗೇ ಬಿಟ್ಟು, ತುದಿಗಾಲಲ್ಲಿ ಗೋಡೆಯ ಬದಿಯಿಂದ ಬಂದಳು. ಆ ಮನೆಯಲ್ಲಿ ಯಾರೂ ಹಾಗೆ ನಡೆದದ್ದನ್ನು ಇರುವೆ ಕಂಡಿರಲಿಲ್ಲ.

ಊಟದ ಮೇಜಿನಲ್ಲಿ ಸಾಹೇಬರು ತಟ್ಟೆಯ ಮುಂದೆ ಕುಳಿತಿದ್ದರು. ಬಂದಾಕೆಗೆ ಗುರುತು ಸಿಕ್ಕಿತು.

"ಅಯ್ಯೋ, ಸರ್, ನೀವಾ! ನಮ್ಮ ಬ್ಯಾಚಿಗೆ ಟ್ರೇನಿಂಗ್ ಕೊಟ್ಟೋರೇ ನೀವು."

ಸಮೀಕ್ಷೆಯ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಸಾಹೇಬರು ಹಿಗ್ಗಿದರು. ಒಂದೊಂದಾಗಿ ಮನೆಯವರ ವಿವರ ಹೇಳಿದರು. ಕೊನೆಗೆ ಅವಳು ಇರುವೆಯತ್ತ ನೋಡಿದಳು.

"ಇವರು?"

"ಅವಳೂ ಮನೆಯವಳೇ, ಬರ್ಕೋಮ್ಮ. ಒಂದೇ ಸೂರು, ಒಂದೇ ಒಲೆ, ಒಂದೇ ಊಟ. ಹಂಗಿದ್ರೆ ಒಂದೇ ಕುಟುಂಬ. ನಾನೇ ಪಾಠ ಮಾಡಿರಲಿಲ್ವಾ?"

"ಹೌದು ಸರ್. ಆದ್ರೆ ಕೆಲಸದವರಾದ್ರೆ ಬೇರೆ ಪ್ರಶ್ನೆಗಳಿವೆ. ಸಂಬಳ, ರಜೆ..."

"ಕೆಲಸದವಳು ಅಂದೋರು ಯಾರು? ಮನೆಮಗಳ ಥರ ಇದಾಳೆ. ಮನೆಮಗಳಿಗೆ ರಜೆ ಎಂಥದು!" ಸಾಹೇಬರು ನಕ್ಕರು. ಅಮ್ಮೋರೂ ನಕ್ಕರು.

ಪೆನ್ನು ಹಾಳೆಯ ಮೇಲೆ ನಿಂತಿತು. ಆಕೆ ಪಕ್ಕದ ಕುರ್ಚಿ ಎಳೆದಳು. "ಬನ್ನಿ ಅಮ್ಮ, ಕೂತ್ಕೊಂಡು ನೀವೇ ಹೇಳಿ. ಊಟ ಇವರ ಜೊತೇನಾ?"

ಇರುವೆಯ ಕಿವಿ ಬಿಸಿಯಾಯಿತು. ಎಲ್ಲಿ ಕೂತು, ಏನು ಉಣ್ಣುತ್ತೇನೆಂದು ಅವಳು ಮಗಳಿಗೂ ಹೇಳಿರಲಿಲ್ಲ.

"ಹೂಂ ಅನ್ನೇ," ಅಮ್ಮೋರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಇರುವೆ ಹಿತ್ತಿಲಿಗೆ ಹೋದಳು. ಬಚ್ಚಲ ಮೋರಿಯ ಪಕ್ಕ ಮುಚ್ಚಿಟ್ಟಿದ್ದ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟಳು. ಬೆಳಗಿನ ತಟ್ಟೆಗಳಿಂದ ಬಳಿದು ಹಾಕಿದ ಅನ್ನ, ಯಾರೋ ಕಚ್ಚಿ ಬಿಟ್ಟ ಹಣ್ಣಿನ ತುಂಡು. ಬಂದಾಕೆ ತನ್ನ ಕಾಗದಗಳನ್ನು ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಳು.

"ಥೂ, ಕೊಳಕು ಮುಂಡೆ! ತೆಗಿಯೇ ಅದನ್ನ!"

"ನಿಮ್ಮ ಎಂಜಲೇ ಅಮ್ಮೋರೇ. ನಿಮ್ಮ ಬಾಯಿಂದ ಬಂದಿದ್ದು." ಇರುವೆ ತಟ್ಟೆಯನ್ನು ಇನ್ನಷ್ಟು ಮುಂದೆ ತಳ್ಳಿದಳು. ಬಂದಾಕೆಯ ಮುಖ ನೋಡಲಾರದೆ ಹೇಳಿದಳು, "ಹೇಳೋಕೆ ನಾಚಿಕೆ ಆಯ್ತು ಅಕ್ಕಾ. ಅದಕ್ಕೇ ತಂದೆ."

ಆಮೇಲೆ ಸಾಹೇಬರ ಕಡೆ ತಿರುಗಿದಳು.

"ಮನೆಮಗಳಾದ್ರೆ ನಿಮ್ಮ ಜೊತೆ ಬಡಿಸಿ. ಕೆಲಸದೋಳಾದ್ರೆ ಹಂಗಂತ ಬರೆಸಿ, ರಜೆ ಕೊಡಿ. ಮಗಳು ಅಲ್ಲಿ ಒಬ್ಬಳೇ ಬಿದ್ದಿದಾಳೆ. ಯಾವುದು ಅಂತ ಒಂದು ಹೇಳಿಬಿಡಿ ಸಾಹೇಬ್ರೇ."

ಸಾಹೇಬರು ತಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನ ಕಲಸತೊಡಗಿದರು.

ಇರುವೆ ಕುರ್ಚಿ ಹತ್ತಿ ಕುಳಿತಳು. ಕಾಲು ನೆಲಕ್ಕೆ ಎಟುಕಲಿಲ್ಲ. ನಾಚಿಕೆಗೆ ಕತ್ತು ಬಗ್ಗಿ ಗದ್ದ ಎದೆಗೆ ತಾಗಿತ್ತು. "ಏಳೇ ಮೇಲೆ" ಎಂದು ಅಮ್ಮೋರು ರಟ್ಟೆ ಹಿಡಿದು ಜಗ್ಗಿದರು, ಮತ್ತೆ ಜಗ್ಗಿದರು. ಅವಳು ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಕುಳಿತೇ ಇದ್ದಳು.