ಇರುವಷ್ಟು ದಿನ ನಗುತ್ತಿರು

ಚುಕ್ಕಿಯ ಅಪ್ಪನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಊರವರ ಕಣ್ಣಿಗೆ ಗಾಜು ಕೂರಿಸುತ್ತಿದ್ದ ಮನುಷ್ಯನ ಸ್ವಂತ ಕಣ್ಣು ಮಾತ್ರ ಸದಾ ಅಂಚೆಯವನ ಚೀಲದ ಮೇಲೆ. ನಟರು, ಆಟಗಾರರು, ಹಾಡುವವರು, ಒಟ್ಟಿನಲ್ಲಿ ಪೇಪರಿನಲ್ಲಿ ಫೋಟೊ ಬಂದವರು ಯಾರೇ ಆಗಲಿ, ಅವರಿಗೊಂದು ಕಾಗದ ಬರೆದು ಸಹಿ ತರಿಸಿಕೊಳ್ಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದ. ಕಾಗದದ ಜೊತೆಗೆ, ತನ್ನದೇ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಖಾಲಿ ಲಕೋಟೆಯೊಂದನ್ನು ಮಡಿಸಿ ಇಡುತ್ತಿದ್ದ.

"ದೊಡ್ಡವರಿಗೆ ಸಹಿ ಹಾಕೋದು ಕಷ್ಟ ಅಲ್ಲ, ಲಕೋಟೆ ಹುಡುಕೋದು ಕಷ್ಟ" ಎನ್ನುತ್ತಿದ್ದ, ಮಹಾ ಅನುಭವಸ್ಥನ ಹಾಗೆ.

ಹಾಗೆ ಬಂದ ಸಹಿಗಳು ಒಟ್ಟು ನಲವತ್ತೊಂದು. ಹಸಿರು ರಟ್ಟಿನ ಆಲ್ಬಮ್ಮಿನಲ್ಲಿ ಒಂದು ಪುಟಕ್ಕೆ ಒಂದೇ ಫೋಟೊ, ಮೂರು ಬದಿಗೆ ಅಂಟು, ಮೇಲಿನ ಬದಿ ಜೇಬಿನ ಹಾಗೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಮನೆಗೆ ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಆಲ್ಬಮ್ ಅವರ ತೊಡೆಯ ಮೇಲೆ. "ಕೈ ತೊಳ್ಕೊಂಡು ಮುಟ್ಟಿ" ಎಂಬ ಮಾತು ಬೇರೆ. ಬಂದವರು ಇನ್ನೊಂದು ಸಲ ಬರುವ ಮುಂಚೆ ಯೋಚನೆ ಮಾಡುತ್ತಿದ್ದರು.

ಚುಕ್ಕಿಗೆ ಆಗ ಹನ್ನೊಂದು ತುಂಬಿತ್ತು. ಗಲ್ಲದ ಮೇಲಿನ ಮಚ್ಚೆಯಿಂದಾಗಿ ಮನೆಯವರಿಟ್ಟ ಹೆಸರು ಅದು. ಓದಿನಲ್ಲಿ ಚುರುಕು. ಲೆಕ್ಕದ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅವಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ದೂರದಲ್ಲೊಂದು ದೊಡ್ಡ ಶಾಲೆ; ಊಟ, ವಸತಿ, ಓದು ಎಲ್ಲ ಅಲ್ಲೇ. ವರ್ಷಕ್ಕೆ ನಲವತ್ತೇ ಮಕ್ಕಳನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಿದ್ದರು. ಹನ್ನೆರಡು ದಾಟಿದವರಿಗೆ ಬಾಗಿಲು ಮುಚ್ಚಿದಂತೆಯೇ. ಅಲ್ಲಿಗೆ ಹೋಗಬೇಕೆಂಬುದು ಚುಕ್ಕಿಯ ತಲೆಗೆ ಎಷ್ಟು ಹತ್ತಿತ್ತೆಂದರೆ, ಆ ಶಾಲೆಯ ಅರ್ಜಿಯ ಮೇಲೆ ಅಚ್ಚಾಗಿದ್ದ ಕಟ್ಟಡದ ಚಿತ್ರದಲ್ಲಿ ತನ್ನ ಕಿಟಕಿ ಯಾವುದೆಂದು ಆಗಲೇ ಗುರುತು ಮಾಡಿಕೊಂಡಿದ್ದಳು.

ಪರೀಕ್ಷೆಗೆ ಇನ್ನು ಐದು ವಾರವಿತ್ತು. ಒಂದು ಶನಿವಾರ ಮಧ್ಯಾಹ್ನ ಅಪ್ಪ ಅಂಗಡಿಯಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವ ಕೆಲಸದಲ್ಲಿ. ಚುಕ್ಕಿ ಒಬ್ಬಳೇ ಮನೆಯಲ್ಲಿ. ಜೋರು ಮಳೆ. ಅಂಚೆಯವನು ಕೊಟ್ಟ ಲಕೋಟೆ ತೊಯ್ದು ತೊಪ್ಪೆಯಾಗಿತ್ತು. ಲಕೋಟೆ ಒಡೆಯುವುದು ಅಪ್ಪನೊಬ್ಬನ ಹಕ್ಕು. ಆದರೆ ಒಡೆಯದಿದ್ದರೆ ಒಳಗಿನ ಫೋಟೊ ಹಾಳಾಗುತ್ತದಲ್ಲ! ಅಪ್ಪನಿಗೆ ಉಪಕಾರ ಮಾಡುವವಳಂತೆ ಅವಳು ಮೆಲ್ಲಗೆ ಒಡೆದಳು. ಪ್ರಸಿದ್ಧ ನಟಿಯೊಬ್ಬಳ ಫೋಟೊ. ನೀಲಿ ಸಹಿ ಕದಡಿ ಗಲ್ಲದವರೆಗೆ ಇಳಿದಿತ್ತು. ಜೊತೆಗೊಂದು ಚೀಟಿ.

"ಪುಟ್ಟ ತಂಗೀ, ನಿನಗೆ ರಕ್ತದ ಕಾಯಿಲೆ ಎಂದು ನಿನ್ನ ತಂದೆ ಬರೆದಿದ್ದಾರೆ. ಡಾಕ್ಟರು ಮೂರು ತಿಂಗಳು ಎಂದರೆ ಎನ್ನಲಿ. ಧೈರ್ಯವಾಗಿರು. ಇರುವಷ್ಟು ದಿನ ನಗುತ್ತಿರು."

ಮೂರು ಸಲ ಓದಿದಳು. ಆಮೇಲೆ ಆಲ್ಬಮ್ ತೆಗೆದು, ಕೈ ತೊಳೆಯದೆಯೇ, ಮೊದಲ ಫೋಟೊದ ಹಿಂದೆ ಬೆರಳು ಹಾಕಿದಳು. ಅಲ್ಲೂ ಒಂದು ಚೀಟಿ. ಎರಡನೆಯದರ ಹಿಂದೆಯೂ. ಬೇಗ ಗುಣವಾಗು ಮಗಳೇ. ಕೊನೆಯ ಎಸೆತದವರೆಗೂ ಆಟ ಬಿಡಬೇಡ. ತೆರೆಯ ಮೇಲೆ ಊರನ್ನೇ ನಗಿಸುವ ಹಾಸ್ಯನಟ ಕೂಡ ಒಂದೇ ಒಂದು ತಮಾಷೆ ಮಾಡದೆ, 'ನಿನಗಾಗಿ ಪ್ರಾರ್ಥಿಸುತ್ತೇನೆ ಮಗೂ' ಎಂದು ಬರೆದಿದ್ದ. ಅದನ್ನು ಓದಿದ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಒಮ್ಮೆ ಹಾಗೆ ಅನಿಸಿದ ಮೇಲೆ ಸಾಕ್ಷಿಗೇನು ಬರ? ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂದಿತ್ತು. ಮನೆಯಲ್ಲಿ ಒಂದೇ ಮೊಟ್ಟೆಯಿದ್ದರೆ ಅದನ್ನು ಅಮ್ಮ ಅವಳಿಗೇ ಕೊಡುತ್ತಿದ್ದಳು. ಹೊಸ ಶೂ ಕೇಳಿದಾಗ ಅಪ್ಪ "ಇರೋದೇ ಸಾಕು, ಇನ್ನೆಷ್ಟು ದಿನ" ಎಂದಿದ್ದ. ಶಾಲೆ ಮುಗಿಯಲು ಇನ್ನೆಷ್ಟು ದಿನ ಎಂಬುದು ಅವನ ಮಾತಿನ ಅರ್ಥವೆಂದು ಆಗ ತಿಳಿದಿದ್ದಳು, ಪಾಪ. ಚೀಟಿಗಳ ಮೇಲೆ ನಾಲ್ಕು ವರ್ಷದ ತಾರೀಕುಗಳಿದ್ದವು. ಅಂದರೆ ಏಳನೇ ವಯಸ್ಸಿನಿಂದಲೂ ಡಾಕ್ಟರು ಮೂರು ಮೂರು ತಿಂಗಳು ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ಲೈಬ್ರರಿ ಪುಸ್ತಕಕ್ಕೆ ತಾರೀಕು ಹಾಕಿದ ಹಾಗೆ. ಯಾವುದೋ ಒಂದು ದಿನ ಹಾಕುವುದಿಲ್ಲ.

ಕೇಳಬಹುದಿತ್ತು. ಕೇಳಲಿಲ್ಲ. ತನಗೆ ತಿಳಿಯಬಾರದೆಂದು ಅಪ್ಪ ಅಮ್ಮ ಇಷ್ಟು ವರ್ಷ ಒದ್ದಾಡಿದ್ದಾರೆ. ತಿಳಿದಿದೆಯೆಂದು ಗೊತ್ತಾದರೆ ಅವರಿಗೆ ಇನ್ನಷ್ಟು ಸಂಕಟ. ಹನ್ನೊಂದು ವರ್ಷದ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಎಲ್ಲ ಚೀಟಿಗಳನ್ನು ಅದರದರ ಜೇಬಿಗೆ ಸೇರಿಸಿ, ಒಡೆದ ಲಕೋಟೆಯನ್ನು ಗಂಜಿ ಹಚ್ಚಿ ಮುಚ್ಚಿಟ್ಟಳು. ಸಂಜೆ ಅಪ್ಪ ಕದಡಿದ ಸಹಿ ನೋಡಿ ತಲೆ ಚಚ್ಚಿಕೊಂಡ. "ಎಂಥಾ ಸಹಿ! ಹಾಳಾದ ಮಳೆ!" ಅವನ ಕಣ್ಣಲ್ಲಿ ನೀರು ಬಂದದ್ದನ್ನು ಚುಕ್ಕಿ ನೋಡಿದಳು. ಅದು ತನಗಾಗಿ ಎಂದುಕೊಂಡಳು. ಆವತ್ತು ಅಪ್ಪನ ಮೇಲೆ ಅವಳಿಗೆ ಬಂದಷ್ಟು ಪ್ರೀತಿ ಮುಂದೆ ಯಾವತ್ತೂ ಬರಲಿಲ್ಲ.

ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಪಕ್ಕದಲ್ಲಿ ಕೂರುವ ಹುಡುಗಿಗೆ ಕೊಟ್ಟುಬಿಟ್ಟಳು. ಅಮ್ಮ ಬೈದರೂ ನಕ್ಕಳು. ನಟಿ ಹೇಳಿದ್ದಳಲ್ಲ.

ಪರೀಕ್ಷೆಯ ದಿನ ಮೇಷ್ಟ್ರೇ ಜೊತೆಯಲ್ಲಿ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಪ್ರಶ್ನೆಗಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭ. ಮೊದಲನೆಯದರ ಉತ್ತರ ತುದಿ ನಾಲಿಗೆಯ ಮೇಲೇ ಇತ್ತು. ಆದರೆ ಚುಕ್ಕಿ ಸುತ್ತ ನೋಡಿದಳು. ಕೋಣೆ ತುಂಬ ಮಕ್ಕಳು, ಇರುವುದು ನಲವತ್ತು ಜಾಗ. ತಾನೊಂದು ಜಾಗ ಹಿಡಿದು ಮೂರೇ ತಿಂಗಳಿಗೆ ಸತ್ತರೆ ಅದು ಖಾಲಿ ಬೀಳುತ್ತದೆ. ಬದುಕುವ ಮಗುವೊಂದಕ್ಕೆ ಸಿಗಬೇಕಾದ್ದು ದಂಡ. ತನ್ನ ನಂಬರು ಬರೆದು ಪೆನ್ನು ಮುಚ್ಚಿದಳು. ಎರಡು ಗಂಟೆ ಹೊತ್ತು ಕೈಕಟ್ಟಿ ಕೂತು, ಖಾಲಿ ಹಾಳೆ ಕೊಟ್ಟು ಎದ್ದುಬಂದಳು. ಹೊರಗೆ ಕಾಯುತ್ತಿದ್ದ ಮೇಷ್ಟ್ರು "ಹೇಗಾಯ್ತಮ್ಮಾ?" ಎಂದರೆ "ಸುಲಭ ಇತ್ತು ಸಾರ್" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಫಲಿತಾಂಶ ಬಂದ ಭಾನುವಾರ ಮೇಷ್ಟ್ರು ಕೆಂಡದಂಥ ಮುಖ ಹೊತ್ತು ಮನೆಗೆ ಬಂದರು. ಅಪ್ಪ ಅಭ್ಯಾಸಬಲದಿಂದ ಆಲ್ಬಮ್ ತೆಗೆದುಕೊಂಡು ಬಂದ.

"ಅದನ್ನ ಆ ಕಡೆ ಇಡಿ. ನಿಮ್ಮ ಮಗಳು ಒಂದಕ್ಷರ ಬರೆದಿಲ್ಲ. ಯಾಕೆ ಅಂತ ಕೇಳಿ."

ಅಪ್ಪ ಕೇಳಿದ. ಅಮ್ಮ ಕೇಳಿದಳು. ಅಮ್ಮ ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಚುಕ್ಕಿಗೆ ತಡೆಯಲಾಗಲಿಲ್ಲ.

"ನಾನು ಸತ್ತೋಗ್ತೀನಲ್ಲಮ್ಮಾ. ಜಾಗ ಯಾಕೆ ಹಾಳು ಮಾಡ್ಲಿ?"

"ಬಿಡ್ತು ಅನ್ನು! ಏನು ಮಾತು ಅಂತ ಆಡ್ತೀಯೇ?"

ಚುಕ್ಕಿ ಆಲ್ಬಮ್ ತೆಗೆದು ಚೀಟಿಗಳನ್ನು ಒಂದೊಂದಾಗಿ ಮೇಷ್ಟ್ರ ಮುಂದೆ ಇಟ್ಟಳು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, ಬಿದ್ದು ಬಿದ್ದು ನಕ್ಕ.

"ಅಯ್ಯೋ ಹುಚ್ಚೀ! ಇದನ್ನ ನಿಜ ಅಂದ್ಕೊಂಡ್ಯಾ? ನಿಂಗೆ ಯಾವ ರೋಗಾನೂ ಇಲ್ಲ, ಕಲ್ಲುಗುಂಡಿನ ಹಾಗಿದ್ದೀಯ! ನಾನು ನಿಮ್ಮ ಅಭಿಮಾನಿ ಅಂತ ಹದಿನೇಳು ಕಾಗದ ಬರೆದೆ ಮೇಷ್ಟ್ರೇ, ಒಬ್ಬನಾದ್ರೂ ತಿರುಗಿ ನೋಡಿದ್ನಾ? ಮಗಳಿಗೆ ಹುಷಾರಿಲ್ಲ ಅಂತ ಒಂದು ಸಾಲು ಸೇರಿಸ್ದೆ, ವಾರಕ್ಕೆ ಉತ್ತರ ಬಂತು! ಒಂದು ಸಾಲು, ಅಷ್ಟೇ. ಅದ್ರಿಂದ ಯಾರಿಗೆ ಏನು ನಷ್ಟ?"

"ನಾನು ಬೇಡ ಅಂತ ಬಡ್ಕೊಂಡೆ. ಮಗಳ ಹೆಸರಲ್ಲಿ ಬೇಡಾರೀ ಅಂದೆ" ಎಂದಳು ಅಮ್ಮ, ಯಾರನ್ನೂ ನೋಡದೆ.

"ಯಾರಿಗೆ ನಷ್ಟ ಅಂತ ಕೇಳಿದ್ರಲ್ಲ," ಎಂದರು ಮೇಷ್ಟ್ರು. "ಬರೋ ವರ್ಷಕ್ಕೆ ಇವಳಿಗೆ ವಯಸ್ಸು ಮೀರುತ್ತೆ. ಮತ್ತೆ ಬರೆಯೋ ಹಾಗಿಲ್ಲ."

ಅಪ್ಪ ನಗು ನಿಲ್ಲಿಸಿದ. ಒಂದು ಗಳಿಗೆ ಅವನ ಮುಖ ಸಣ್ಣದಾಯಿತು. ಆಮೇಲೆ ಕೊಡವಿಕೊಂಡ. "ಹೋಗ್ಲಿ ಬಿಡಿ. ಮಗಳು ಕಣ್ಣ ಮುಂದೇನೇ ಇರ್ತಾಳಲ್ಲ." ನೆಲದ ಮೇಲೆ ಹರಡಿದ್ದ ಚೀಟಿಗಳನ್ನು ಆರಿಸತೊಡಗಿದ. ಯಾವುದು ಯಾರ ಹಿಂದಿನದೆಂದು ಅವನಿಗೆ ತಪ್ಪಲೇ ಇಲ್ಲ. ಕೊಟ್ಟ ನೀರನ್ನೂ ಮುಟ್ಟದೆ ಮೇಷ್ಟ್ರು ಎದ್ದು ಹೋದರು.

ಸಾಯುವುದಿಲ್ಲವೆಂದು ತಿಳಿದರೆ ಯಾರಿಗಾದರೂ ಸಂತೋಷವಾಗಬೇಕು. ಚುಕ್ಕಿಗೆ ಆಗಲಿಲ್ಲ. ಇಷ್ಟು ವಾರ ಒಬ್ಬಳೇ ಸತ್ತು ಸತ್ತು ಅಭ್ಯಾಸ ಮಾಡಿಕೊಂಡಿದ್ದಳು. ಈಗ ಇಷ್ಟು ಉದ್ದದ ಬದುಕನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಅಪ್ಪನ ಮೇಲೆ ಬಂದ ಸಿಟ್ಟನ್ನು ಇಡಲು ಆ ಎರಡು ಕೋಣೆಯ ಮನೆಯಲ್ಲಿ ಜಾಗವಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಅಪ್ಪ ಕಾಗದ, ಪೆನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತ. ದನಿಯಲ್ಲಿ ಜೇನು.

"ಚುಕ್ಕೀ, ಆ ನಟಿ ಸಹಿ ಮಳೇಲಿ ಹಾಳಾಯ್ತಲ್ಲ. ಇನ್ನೊಂದು ಕೇಳೋಣ. ಈ ಸಲ ನೀನೇ ಬರಿ. ಮಗುವಿನ ಅಕ್ಷರ ನೋಡಿದ್ರೆ ಯಾರ ಮನಸ್ಸಾದ್ರೂ ಕರಗುತ್ತೆ. ಹೇಗೂ ಈಗ ನಿಂಗೆಲ್ಲಾ ಗೊತ್ತಲ್ಲ."

ಅವನು ಹೇಳುತ್ತಾ ಹೋದ, ಅವಳು ತಲೆಯಾಡಿಸಿದಳು. ಅವನು ಅಂಗಡಿಗೆ ಹೋದ ಮೇಲೆ ತನಗೆ ಬೇಕಾದ್ದನ್ನು ಬರೆದಳು. "ಅಕ್ಕಾ, ನನಗೆ ಯಾವ ಕಾಯಿಲೆಯೂ ಇಲ್ಲ. ಅಪ್ಪ ಸುಳ್ಳು ಬರೆದಿದ್ದರು. ನಾನು ನಿಜವೆಂದು ನಂಬಿ ಪರೀಕ್ಷೆ ಬರೆಯಲಿಲ್ಲ. ಶಾಲೆ ಸಿಗಲಿಲ್ಲ. ನಿಮ್ಮ ಸಹಿ ಬೇಡ. ನಾನೀಗ ಏನು ಮಾಡಬೇಕು, ಒಂದೇ ಸಾಲು ಬರೆಯಿರಿ. ನಾನು ಬದುಕಿರುತ್ತೇನೆ." ಅಪ್ಪನ ವಿಳಾಸದ ಲಕೋಟೆಯನ್ನು ಮಡಿಸಿ ಒಳಗಿಟ್ಟು, ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು.

ಆಮೇಲೆ ಆ ಮನೆಯಲ್ಲಿ ಅಂಚೆಯವನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಇಬ್ಬರಾದರು. ಉತ್ತರವನ್ನು ಅಪ್ಪನ ಕೈಗೆ ಸಿಗುವ ಮುಂಚೆ ಎತ್ತಿಕೊಳ್ಳಬೇಕೆಂದು ಚುಕ್ಕಿ ಶಾಲೆಯಿಂದ ಓಡಿ ಬರುತ್ತಿದ್ದಳು. ಎರಡು ವಾರ, ಒಂದು ತಿಂಗಳು, ಎರಡು ತಿಂಗಳು. ಅಂಚೆಯವನು ಬಾಗಿಲ ಮುಂದೆ ಸೈಕಲ್ಲಿನ ವೇಗವನ್ನೂ ಕಡಿಮೆ ಮಾಡಲಿಲ್ಲ.

"ನಿನ್ನ ಕೈಗುಣವೇ ಸರಿಯಿಲ್ಲ ಕಣೇ" ಎಂದ ಅಪ್ಪ. "ನಾನು ಹೇಳಿದ ಹಾಗೇ ಬರೆದ್ಯಾ?"

"ಇಲ್ಲ" ಎಂದಳು ಚುಕ್ಕಿ. "ಈಗ ಹೇಳು, ಬರೀತೀನಿ."

ಅವನು ಹೇಳಿದ. ಅವಳು ಒಂದಕ್ಷರ ಬಿಡದೆ ಬರೆದಳು. ರಕ್ತದ ಕಾಯಿಲೆ, ಮೂರು ತಿಂಗಳು, ಕೊನೆಯ ಆಸೆ. ಅಕ್ಷರ ಕೊಂಚ ನಡುಗಿದಂತಿರಲಿ ಎಂದ ಅಪ್ಪ. ನಡುಗಿಸಿದಳು.

ಒಂಬತ್ತನೇ ದಿನ ಉತ್ತರ ಬಂತು. ಹೊಳೆಯುವ ಹೊಸ ಫೋಟೊ, ಅಚ್ಚುಕಟ್ಟಾದ ನೀಲಿ ಸಹಿ, ಜೊತೆಗೊಂದು ಚೀಟಿ. "ಪುಟ್ಟ ತಂಗೀ, ಧೈರ್ಯವಾಗಿರು. ಇರುವಷ್ಟು ದಿನ ನಗುತ್ತಿರು." ಅದೇ ಮಾತು, ಅದೇ ಅಕ್ಷರ. ಸಾಯುತ್ತೇನೆಂದ ಹುಡುಗಿಗೆ ಒಂಬತ್ತು ದಿನ ಸಾಕಾಗಿತ್ತು. ಬದುಕಿರುತ್ತೇನೆಂದವಳಿಗೆ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಪ್ಪ ಕುಣಿದಾಡಿದ. "ನೋಡಿದ್ಯಾ? ನೋಡಿದ್ಯಾ?" ಕದಡಿದ ಫೋಟೊವನ್ನು ಕಿತ್ತು, ಆ ಪುಟವನ್ನು ಒರೆಸಿ, ಹೊಸದನ್ನು ಇಡಲು ಕೈ ಚಾಚಿದ. ಚುಕ್ಕಿ ಎದ್ದುಹೋಗಿ ಕೈ ತೊಳೆದುಕೊಂಡು ಬಂದಳು. ಫೋಟೊ ತಿರುವಿ ಹಾಕಿ, ಮೂರು ಬದಿಗೂ ಅಂಟು ಹಚ್ಚಿದಳು.