ನಾರು ಮಲಗಿದ ದಿಕ್ಕು

“ಕತ್ತರಿ ಬೇಡ್ವೇನಮ್ಮ?” ಎಂದು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೇಳುವಷ್ಟರಲ್ಲಿ ಸುಮನಾ ಹಾಳೆಯನ್ನು ಅರ್ಧ ಹರಿದಾಗಿತ್ತು. ಅಂಚು ಗೆರೆ ಎಳೆದಷ್ಟು ನೇರವಾಗಿತ್ತು.

ಶವದ ಮೇಲಿಡುವ ಮಂತ್ರದ ಚೀಟಿಗಳಿಗೆ ಕಾಗದ ಬೇಕಿತ್ತು. ಹೊಸಮನೆ ಬಡಾವಣೆಯ ಈ ಮನೆಯಲ್ಲಿ ಕಾಗದಕ್ಕೇನು ಬರ? ನಡುಮನೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದ ಅಪ್ಪ ಶಿವಶಂಕರಪ್ಪ, ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹಾಳೆಗಳ ಗುಣಮಟ್ಟ ನೋಡಿದವರು.

ಸುಮನಾ ದೆಹಲಿಯಿಂದ ಬಂದು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಇದೇ ಗುರುವಾರ ಅಲ್ಲಿ ಅವಳ ಎಂ.ಎ. ಪರೀಕ್ಷೆ.

“ದೆಹಲಿ ಸಾಕು” ಎಂದ ಸೋದರಮಾವ ಶಿವಯೋಗಿ. “ಅಕ್ಕ ಒಬ್ಳೇ ಆದ್ಲು. ಇಲ್ಲೇ ಸೇರ್ಕೊ. ಅಲ್ಲಿ ಓದಿದ್ರೆ ಮಾತ್ರ ಹಿಸ್ಟರೀನಾ?”

ಸುಮನಾಳ ಕೈಯಲ್ಲಿ ಮುಂದಿನ ಹಾಳೆ ಸೊಟ್ಟಗೆ ಹರಿಯಿತು.

*

ಕಳೆದ ವರ್ಷ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಇನ್ನೊಂದು ದೆಹಲಿ.

“ಅಲ್ಲೇನಿದೆ?” ಎಂದು ಅಪ್ಪ ಕೇಳಿದ್ದರು.

“ಹಳೇ ದಾಖಲೆಗಳು ಅಪ್ಪ. ಮುನ್ನೂರು ವರ್ಷದ ಕಾಗದ. ಮುಟ್ಟಿ ಓದ್ಬಹುದು.”

ಅಪ್ಪ ಟೀ ಲೋಟ ಕೆಳಗಿಟ್ಟರು. “ನಾನು ಜೀವಮಾನವೆಲ್ಲ ಕಾಗದ ನೋಡ್ದೆ. ಅದ್ರ ಮೇಲೆ ಯಾರು ಏನ್ ಬರೆದ್ರೋ ನೋಡ್ಲಿಲ್ಲ. ನೀನು ಹೋಗಿ ನೋಡು.”

ಆಮೇಲೆ ಭಾನುವಾರದ ಫೋನಿನಲ್ಲಿ “ಊಟ ಆಯ್ತಾ” ಎನ್ನುವುದಕ್ಕೂ ಮೊದಲೇ ಕೇಳುತ್ತಿದ್ದರು: “ಈ ವಾರ ಯಾವ ಕಾಗದ ನೋಡ್ದೆ?”

*

“ಸುಮ್ನಿರಿ ಮಾರಾಯ್ರೆ” ಎಂದು ಶಿವಯೋಗಿಗೆ ಹೇಳಿದವರು ಪುಟ್ಟಯ್ಯ, ಅಪ್ಪನ ಜೊತೆ ದುಡಿದವರು, ಕಾರ್ಖಾನೆಯ ಕಾಲೊನಿ ಕಾಗದನಗರದಿಂದ ಬಂದಿದ್ದರು. “ಸೋಮವಾರ ಬಂತು ಅಂದ್ರೆ ಟೀ ಅಂಗಡೀಲಿ ನಮಗೆ ಇವನ ಪಾಠ. ಮೊಘಲರ ಕಾಲದಲ್ಲಿ ಕಾಗದಕ್ಕೆ ಗಂಜಿ ಹಾಕ್ತಿದ್ರಂತೆ! ನನಗ್ಯಾಕ್ರೀ ಅದು? ಮಗಳು ಹೇಳಿದ್ಲು, ಮಗಳು ಹೇಳಿದ್ಲು ಅಂತ ತಲೆ ತಿಂದ್ಬಿಟ್ಟ.”

ಯಾರೋ ನಕ್ಕರು. ಅಮ್ಮ ಕಲ್ಲಮ್ಮನೂ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಲೇ ನಕ್ಕರು.

“ಬುಧವಾರ ಹೊರಡು. ಪರೀಕ್ಷೆ ಬರೆದು ಹನ್ನೊಂದನೇ ದಿನದ ಶಿವಗಣಾರಾಧನೆಗೆ ಬಾ” ಎಂದರು ಮಗಳಿಗೆ.

“ಅಮ್ಮ, ನೀನು...”

“ಭಾನುವಾರ ನನಗೇ ಫೋನ್ ಮಾಡು. ಏನು ಕೇಳ್ಬೇಕು ಅಂತ ಗೊತ್ತು ನಂಗೆ.”

ಶಿವಯೋಗಿ ಕಪಾಟಿನಿಂದ ಇನ್ನೊಂದು ಹಾಳೆ ತಂದು ಕೊಟ್ಟ.

ಹಾಳೆಯೊಳಗಿನ ನಾರು ಮಲಗಿದ ದಿಕ್ಕಿಗೆ ಹರಿದರೆ ಕಾಗದ ನೇರ ಬರುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಕೈ ಹಿಡಿದು ಕಲಿಸಿದ್ದು. ಸುಮನಾ ಹಾಳೆಯನ್ನು ತಿರುಗಿಸಿ ಹಿಡಿದು ಹರಿದಳು.

ಪುಟ್ಟಯ್ಯ ಒಂದು ಚೀಟಿ ಎತ್ತಿಕೊಂಡು, ಕಾರ್ಖಾನೆಯ ಹಳೇ ಅಭ್ಯಾಸದಂತೆ ಬಾಗಿಲ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಸರಿಯಿದೆ ಎಂಬಂತೆ ತಲೆಯಾಡಿಸಿ ಅಯ್ಯನವರಿಗೆ ಕೊಟ್ಟರು. ಅಯ್ಯನವರು ಅದರ ಮೇಲೆ ಓಂಕಾರ ಬರೆದು ಅಪ್ಪನ ಎದೆಯ ಮೇಲಿಟ್ಟರು.