ಅಪ್ಪನ ಬೀರು ರ‍್ಯಾಕಾದದ್ದು

ನಮ್ಮಣ್ಣನಿಗೆ ಹುಚ್ಚು. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಹಾಡು ಕೇಳಬೇಕೆಂದು ಒಬ್ಬ ಮನುಷ್ಯ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ಟೇಪ್ ಡೆಕ್ಕು, ಆಳೆತ್ತರದ ಎರಡು ಸ್ಪೀಕರು ಎಲ್ಲ ತಂದು ಗುಡ್ಡೆ ಹಾಕಿ, ಕೊನೆಗೆ ಹಾಡು ಕೇಳುವುದನ್ನೇ ಮರೆತು ಅವುಗಳ ಧೂಳು ಒರೆಸುತ್ತ ಕೂತರೆ ಇನ್ನೇನನ್ನಬೇಕು? ಅಷ್ಟೂ ಸಾಮಾನು ಊಟದ ಮೇಜಿನ ಮೇಲೆ. ಒಂದು ದಿನ ಅತ್ತಿಗೆ ಮಾತೇ ಆಡದೆ ತಟ್ಟೆಯನ್ನು ಆಂಪ್ಲಿಫೈಯರ್ ಮೇಲಿಟ್ಟು ಬಡಿಸಿದರು.

"ಏನೇ ಇದು?" ಅಂದ ಅಣ್ಣ.

"ಊಟ. ಇನ್ನೆಲ್ಲಿ ಜಾಗ ಇದೆ ತೋರಿಸಿ, ಅಲ್ಲೇ ಬಡಿಸ್ತೀನಿ."

ಅವತ್ತೇ ಅಣ್ಣ ಸ್ವಂತ ಕೈಯಿಂದ ಮರದ ರ‍್ಯಾಕ್ ಮಾಡುತ್ತೇನೆಂದು ಘೋಷಿಸಿದ. ಸ್ವಂತ ಕೈ ಅಂದರೆ ನನ್ನ ಕೈ. ನಾನು ದರ್ಜಿ, ಕೆಳಮನೆಯಲ್ಲಿ ನನ್ನ ಹೊಲಿಗೆ ಅಂಗಡಿ, ಮೇಲಿನ ಮನೆಯಲ್ಲಿ ಅವರಿಬ್ಬರು. ಬಟ್ಟೆ ಅಳೆಯುವವಳಿಗೆ ಹಲಗೆ ಅಳೆಯುವುದು ಯಾವ ದೊಡ್ಡ ವಿಷಯ ಎಂದು ಅವನ ಲೆಕ್ಕಾಚಾರ. ಅವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮಾತನ್ನೂ ಹನಿ ಹನಿಯಾಗಿ ಎಣಿಸಿ ಹಾಕುತ್ತಾನೆ. ನನಗೋ ಕೋಪ ಮೂಗಿನ ತುದಿಯಲ್ಲೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಿತ್ತು ನಮ್ಮ ಜೋಡಿ.

ಮರ ಕೊಳ್ಳಬೇಕಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಬಟ್ಟೆಬೀರು ಸಾಮಾನಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಬಾಗಿಲು ಸೊಟ್ಟಗಾಗಿದ್ದರೂ ಮರ ಮಾತ್ರ ಕಬ್ಬಿಣ. ಬಾಗಿಲುಗಳನ್ನು ಕಳಚಿ ರಂದ ಹೊಡೆದೆ. ಆ ಕೊಳಕು ಬಣ್ಣದ ಕೆಳಗಿನಿಂದ ಜೇನಿನ ಬಣ್ಣದ ಮೈ ಎದ್ದು ಬಂತು ನೋಡಿ, ಗೆರೆ ಗೆರೆಯಾಗಿ! ಎಂಥೆಂಥ ರೇಷ್ಮೆ ಕತ್ತರಿಸಿದ ಕೈ ನನ್ನದು, ಆದರೂ ಅಂಗೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಇಷ್ಟು ವರ್ಷ ಇದು ಇಲ್ಲೇ ಇತ್ತಲ್ಲ, ನಮ್ಮ ಕಣ್ಣೆದುರಿಗೇ ಅನ್ನಿಸಿತು.

ಬೀರುವಿನ ಹಿಂಬದಿಯ ಹಲಗೆ ಎಬ್ಬಿದಾಗ ಅದರ ಹಿಂದಿನಿಂದ ಒಂದು ರೆಕಾರ್ಡು ಜಾರಿ ಬಂತು. ಅಂಗೈ ಅಗಲದ್ದು, ಕಂದುಕಾಗದದ ಚೀಲದಲ್ಲಿ. ಮೇಲೆ ಅಪ್ಪನ ಕೈಬರಹದಲ್ಲಿ ಒಂದೇ ಮಾತು: 'ಅವಳು'.

ಅಪ್ಪ ಹೆಸರು ಹಿಡಿಯದೆ 'ಅವಳು' ಅನ್ನುತ್ತಿದ್ದದ್ದು ಒಬ್ಬರನ್ನೇ. ನಾನು ಹುಟ್ಟಿದ ಆಸ್ಪತ್ರೆಯಿಂದ ಅಮ್ಮ ಮನೆಗೆ ವಾಪಸ್ಸು ಬರಲಿಲ್ಲ. ಫೋಟೋದಲ್ಲಿ ಮುಖ ನೋಡಿದ್ದೇನೆ, ಸೀರೆ ಮುಟ್ಟಿದ್ದೇನೆ. ಆದರೆ ದನಿ? ಅಪ್ಪನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಅಣ್ಣನನ್ನು ಕೇಳಿದರೆ, "ನಾನೂ ಚಿಕ್ಕವನು ಕಣೆ, ನೆನಪಿಲ್ಲ" ಅನ್ನುತ್ತಿದ್ದ. ಜಗತ್ತಿನಲ್ಲಿ ಎಲ್ಲರೂ ಕೇಳಿರುವ ಒಂದು ದನಿ ನನಗೆ ಮಾತ್ರ ಇಲ್ಲವೆಂದು ಎಷ್ಟು ಸಲ ಹೊಟ್ಟೆ ಉರಿಸಿಕೊಂಡಿದ್ದೇನೋ.

ಬೀದಿ ತುದಿಯ ರೇಡಿಯೋ ರಿಪೇರಿಯ ಮುದುಕರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಅಂಗಡೀಲಿ ಮಾರೋ ರೆಕಾರ್ಡಲ್ಲಮ್ಮ. ಆಗೆಲ್ಲ ಸ್ಟುಡಿಯೋಲಿ ಕೂತು ಮಾತಾಡಿದ್ರೆ ಅಲ್ಲೇ ಕೊರೆದು ಕೊಡ್ತಿದ್ರು. ತಗಡಿನ ಮೇಲೆ ಮೆತ್ತನೆ ಲೇಪ, ಅಷ್ಟೇ. ಅದೂ ಬಿರುಕು ಬಿಟ್ಟಿದೆ. ಒಂದು ಸಲ ಮುಳ್ಳು ಓಡಿದ್ರೆ ನಿಮ್ಮ ಪುಣ್ಯ. ನಡುವೆ ಮುಳ್ಳು ಹಾರ್ತೋ, ಲೇಪನೇ ಕಿತ್ಕೊಂಡು ಬರುತ್ತೆ."

"ನೀವೇ ಹಾಕಿಕೊಡಿ" ಅಂದೆ.

"ನನ್ನ ಹತ್ರ ಈಗ ಪ್ಲೇಯರ್ ಎಲ್ಲಿದೆ? ನಿಮ್ಮನೇಲೇ ಹಾಕಿ, ಜೊತೆಗೇ ಟೇಪ್ ಮಾಡ್ಕೊಳ್ಳಿ. ಒಟ್ಟಲ್ಲಿ ಅಲುಗಾಡಬಾರದು."

ಅಲುಗಾಡಬಾರದಂತೆ! ನಮ್ಮ ಮನೆ ಲಾರಿಗಳ ರಸ್ತೆಗೆ ಅಂಟಿಕೊಂಡಿದೆ. ಹಗಲಿಲ್ಲ, ರಾತ್ರಿಯಿಲ್ಲ, ಒಂದರ ಹಿಂದೆ ಒಂದು. ಮೇಲಿನ ಮನೆಯ ನೆಲ ಬೇರೆ ಮರದ್ದು. ಲಾರಿ ಹೋದಾಗಲೆಲ್ಲ ಕಪಾಟಿನ ಲೋಟಗಳು ಕಿಣಿಕಿಣಿ ಅನ್ನುತ್ತವೆ. ಅತ್ತಿಗೆ ಜೋರಾಗಿ ನಡೆದರೂ ಅಣ್ಣನ ಪ್ಲೇಯರಿನಲ್ಲಿ ಹಾಡು ಒಂದು ಸಾಲು ಹಾರಿ ಮುಂದೆ ಹೋಗುತ್ತಿತ್ತು.

ಹಾಗಾಗಿ ಬರೀ ಮೇಜು ಖಾಲಿ ಮಾಡಲು ಶುರುವಾದ ರ‍್ಯಾಕಿನ ಮೇಲೆ ಈಗ ನನ್ನ ಜೀವವೇ ಕೂತಿತು. ಚೌಕಟ್ಟಿನ ತುಂಡುಗಳನ್ನು, ಕೆಳಗಿನ ಹಲಗೆಗಳನ್ನು ನಾನು ಕುಯ್ದೆ. ಪ್ಲೇಯರ್ ಕೂರುವ ಮೇಲಿನ ಹಲಗೆಯನ್ನು ಅಣ್ಣ ಯಾರ ಕೈಗೂ ಕೊಡದೆ ತಾನೇ ಕುಯ್ದ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದಂತೆ. ಉಪ್ಪುಕಾಗದ ತಿಕ್ಕಿ ತಿಕ್ಕಿ ನಮ್ಮಿಬ್ಬರ ಬೆರಳೂ ಸವೆದವು. ಕೆಳಗಿನವು ಕೂತವು. ಅಣ್ಣ ಮೇಲಿನ ಹಲಗೆಯನ್ನು ತಂದು, ಮಗುವನ್ನು ಮಲಗಿಸುವ ಹಾಗೆ ಚೌಕಟ್ಟಿನೊಳಗೆ ಇಳಿಸಿದ. ಅದು ಯಾವುದಕ್ಕೂ ತಾಗದೆ ಸೀದಾ ಒಳಗೆ ಬಿದ್ದು, ಕೆಳಗಿನ ಹಲಗೆಯಿಂದ ಜಾರಿ ಅವನ ಕಾಲ ಮೇಲೆ ಕೂತಿತು.

"ಅಯ್ಯಯ್ಯೋ!" ಅಣ್ಣ ಒಂಟಿಕಾಲಲ್ಲಿ ಕುಣಿದ. "ಎಷ್ಟಕ್ಕೆ ಕುಯ್ದೆಯೇ ಚೌಕಟ್ಟು?"

"ನೀನು ಹೇಳಿದಷ್ಟಕ್ಕೇ."

ಅಳತೆಯ ಟೇಪು ಹಿಡಿದ. ಪ್ರತಿ ತುಂಡೂ ಆ ತುದಿಗೆ ಅರ್ಧ ಇಂಚು, ಈ ತುದಿಗೆ ಅರ್ಧ ಇಂಚು ಉದ್ದ. ಆಗ ನನಗೆ ಹೊಳೆಯಿತು. ನಾಚಿಕೆಯಾಯಿತು. ಹೊಲಿಗೆಗೆಂದು ಒಳಗೆ ಬಟ್ಟೆ ಬಿಟ್ಟು ಕತ್ತರಿಸುವುದು ನನ್ನ ಕೈಯ ಅಭ್ಯಾಸ. ಕೈ ಮರಕ್ಕೂ ಹಾಗೇ ಬಿಟ್ಟಿತ್ತು.

"ಮರಕ್ಕೂ ಒಳಹೊಲಿಗೆ ಬಿಟ್ಯಾ ಮಹರಾಯ್ತಿ? ಮುಂದೆ ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡೋಣ ಅಂತಾನಾ?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಚೌಕಟ್ಟಿಗೆ ಆಗಲೇ ಅಂಟು ಹಾಕಿ ಮೊಳೆ ಹೊಡೆದಾಗಿತ್ತು, ಬಿಚ್ಚುವಂತಿರಲಿಲ್ಲ; ಅಷ್ಟಗಲದ ಹಲಗೆ ಇನ್ನೊಂದು ಆ ಬೀರುವಿನಲ್ಲಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಳು ಒತ್ತಿಕೊಂಡು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ. ಹಲಗೆಯನ್ನು ಎತ್ತಿ ಮತ್ತೆ ಚೌಕಟ್ಟಿನ ನಡುವೆ ಹಿಡಿದೆ. ನಾಲ್ಕೂ ಕಡೆ ಸಂದು. ಎಲ್ಲೂ ತಾಗುತ್ತಿಲ್ಲ. ಎಲ್ಲೂ ತಾಗದಿದ್ದರೆ ನಡುಕ ಇದರೊಳಗೆ ಬರುವುದು ಎಲ್ಲಿಂದ?

"ಅಣ್ಣ, ಇದನ್ನ ಕೂರಿಸೋದು ಬೇಡ. ತೂಗುಹಾಕೋಣ."

"ಯಾತರಿಂದ?"

"ಎಲಾಸ್ಟಿಕ್ಕಿಂದ."

"ಹೈ-ಫೈಗೆ ಚಡ್ಡಿ ಎಲಾಸ್ಟಿಕ್ಕಾ!" ಅವನ ಮುಖ ನೋಡಬೇಕಿತ್ತು ನೀವು.

ಚಡ್ಡಿಯದೇ, ಅದರಲ್ಲೂ ಅಗಲದ್ದು. ನಾಲ್ಕು ಮಡಿಕೆ ಮಾಡಿ, ಚೀಲದ ಹಿಡಿಕೆಗೆ ಹಾಕುವ ದಪ್ಪ ಪಟ್ಟಿ ತುದಿಗಳಿಗೆ ಸೇರಿಸಿ, ಎರಡು ಸೂಜಿ ಮುರಿದುಕೊಂಡು ಹೊಲಿದೆ. ಮೂಲೆಗೊಂದರಂತೆ ಚೌಕಟ್ಟಿನ ಕಂಬಗಳಿಗೆ ತಿರುಪು ಹಾಕಿ ಬಿಗಿದೆವು. ಹಲಗೆ ಗಾಳಿಯಲ್ಲಿ ತೇಲಿತು. ಅಣ್ಣ ರಸಮಟ್ಟವಿಟ್ಟು ಅದರ ಗುಳ್ಳೆ ನಡುವೆ ಬರುವ ತನಕ ನಾಲ್ಕೂ ಮೂಲೆಯನ್ನು ಎಳೆದು ಎಳೆದು ಸರಿ ಮಾಡಿದ. ಮೇಲೆ ಪ್ಲೇಯರ್ ಇಟ್ಟು, ಅದರ ಪಕ್ಕ ಒಂದು ಬಟ್ಟಲಲ್ಲಿ ನೀರಿಟ್ಟೆವು.

ಕೆಳಗೆ ಕಲ್ಲು ತುಂಬಿದ ಲಾರಿ ಬಂತು. ನೆಲ ಅದುರಿತು, ಕಪಾಟಿನ ಲೋಟಗಳು ಬಾಯಿ ಬಡಿದುಕೊಂಡವು, ಕಿಟಕಿಯ ಗಾಜು ಗುಂಯ್ ಅಂದಿತು. ಬಟ್ಟಲಿನ ನೀರು ಕನ್ನಡಿಯಂತೆ ಹಾಗೇ ಇತ್ತು. ಮೂವರೂ ಬಾಯಿ ತೆರೆದುಕೊಂಡು ನೋಡಿದೆವು. "ಇನ್ನೊಂದು ಬರ್ಲಿ, ಇನ್ನೊಂದು ಬರ್ಲಿ" ಎಂದು ಅತ್ತಿಗೆ ಕಿಟಕಿಗೆ ಓಡಿದರು. ಹುಟ್ಟಿದಾಗಿನಿಂದ ಬೈದುಕೊಂಡ ಲಾರಿಗಳಿಗೆ ಅವತ್ತು ಕಾದು ಕೂತೆವು. ಎಷ್ಟು ಬಂದರೂ ನೀರು ಮಿಸುಕಲಿಲ್ಲ. ನಾವೇ ಮಾಡಿದ್ದು ಅದು, ಆದರೂ ನಮ್ಮ ಕೈಯಿಂದ ಆದದ್ದು ಎಂದು ನಂಬುವುದಕ್ಕೆ ಧೈರ್ಯ ಸಾಲಲಿಲ್ಲ.

ಭಾನುವಾರ ಮಧ್ಯಾಹ್ನ ಅಣ್ಣ ಟೇಪ್ ಡೆಕ್ಕಿನ ಗುಂಡಿ ಒತ್ತಿ, ಮುಳ್ಳನ್ನು ಇಳಿಸಿದ. ಮೊದಲು ಬರೀ ಚರಪರ ಸದ್ದು. ಏನೂ ಇಲ್ಲ, ಎಲ್ಲ ಅಳಿಸಿ ಹೋಗಿದೆ ಅಂದುಕೊಂಡೆ. ಆಮೇಲೆ ಯಾರೋ ಉಸಿರೆಳೆದುಕೊಂಡರು.

"ಶುರುವಾಯ್ತೇನ್ರೀ? ಮೊದ್ಲೇ ಹೇಳೋಕೇನಾಗಿತ್ತು ನಿಮಗೆ? ಹಾಡೆಲ್ಲ ನನಗೆ ಬರಲ್ಲ ಅಂತ ಸಾವಿರ ಸಲ ಹೇಳಿದೀನಿ... ಏಯ್, ಬಿಡೋ ಆ ವೈರು! ಕೈ ಮುರಿದು ಕೊಡ್ತೀನಿ ನೋಡು!"

ಅಣ್ಣ ಬೆಚ್ಚಿಬಿದ್ದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಅಷ್ಟು ದೊಡ್ಡ ಗಂಡಸು. ದನಿ ನಗುತ್ತಿತ್ತು. ಎಂಥ ಎಳೆಯ ದನಿ! ನನಗಿಂತ ಎಷ್ಟೋ ಚಿಕ್ಕವಳು ನನ್ನ ಅಮ್ಮ. ಕೋಣೆಯ ನಡುವೆ, ಎರಡು ಸ್ಪೀಕರುಗಳ ಮಧ್ಯೆ, ಯಾರೂ ಇಲ್ಲದ ಜಾಗದಲ್ಲಿ ನಿಂತು ಮಾತಾಡುತ್ತಿದ್ದಳು. ಕೈ ಚಾಚಿದರೆ ಸಿಕ್ಕಿಬಿಡುತ್ತಾಳೆ ಅನ್ನಿಸಿತು. ಕೆಳಗೆ ಲಾರಿ ಹೋಯಿತು. ಅಮ್ಮ ಅಲುಗಲಿಲ್ಲ.

"ಅಯ್ಯಪ್ಪಾ... ಒದೀತಾ ಇದೆ ಕಣ್ರೀ. ನಾನು ಮಾತಾಡ್ತಿದ್ರೆ ಸುಮ್ನಿರುತ್ತೆ, ಬಾಯಿ ಮುಚ್ಚಿದ್ರೆ ಒದಿಯುತ್ತೆ. ಇರಿ, ತೋರಿಸ್ತೀನಿ. ಕೈ ಇಡಿ ಇಲ್ಲಿ."

ದನಿ ನಿಂತಿತು. ಚರಪರ, ಚರಪರ. ರೆಕಾರ್ಡು ಸುತ್ತುತ್ತಲೇ ಇತ್ತು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಒಮ್ಮೆಲೇ ಅಪ್ಪ ದೊಡ್ಡದಾಗಿ ನಕ್ಕರು. ಅಪ್ಪ ಹಾಗೆ ನಗುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನೋಡಿದ್ರಾ? ಸರಿ ಸರಿ ನನ್ನ ಬಂಗಾರ, ಮಾತಾಡ್ತೀನಿ, ಇಲ್ಲೇ ಇದೀನಿ... ಹ್ಞಾಂ, ಸುಮ್ಮನಾಯ್ತು. ಕೇಳ್ತಾ ಇದೆ ರೀ ಅದು."

ಮುಳ್ಳು ತುದಿ ಮುಟ್ಟಿತು. ಅದರ ಮೊನೆಗೆ ಕಪ್ಪು ಲೇಪದ ಎಳೆಯೊಂದು ಸುತ್ತಿಕೊಂಡಿತ್ತು. ಟೇಪು ತನ್ನ ಪಾಡಿಗೆ ತಿರುಗುತ್ತಿತ್ತು; ಅದನ್ನು ನಿಲ್ಲಿಸಲು ಯಾರಿಗೂ ಕೈ ಬರಲಿಲ್ಲ.

ಅಣ್ಣ ನನ್ನ ಕಡೆ ತಿರುಗಿದ. ಕಣ್ಣು ಒರೆಸಿಕೊಳ್ಳುವುದನ್ನೂ ಮರೆತಿದ್ದ.

"ನೀನು ಕೇಳಿದ್ದೀಯಲ್ಲೇ," ಅಂದ. "ನಮ್ಮೆಲ್ಲರಿಗಿಂತ ಹತ್ತಿರದಿಂದ."